ಕೈಯ ಅಳತೆಗೆ ಒಂದು ಫೋನು

ಅಥಣಿ, ನಿಪ್ಪಾಣಿಗಳ ಕಡೆಯ ಚರ್ಮಕಾರರು ಹೊಲಿಯುವ ಚಪ್ಪಲಿಗೆ ಕೊಲ್ಹಾಪುರದ ಹೆಸರು ಅಂಟಿಕೊಂಡು ಬಹುಕಾಲವಾಯಿತು. ಹೆಸರು ಆಚೆಯದಾದರೂ ಕೈ ಈಚೆಯದೂ ಹೌದೆಂಬುದನ್ನು ಭೌಗೋಳಿಕ ಸೂಚಕದ ನೋಂದಣಿಯು ಒಪ್ಪಿಕೊಂಡಿದೆ. ಮಹಾರಾಷ್ಟ್ರದ 4 ಜಿಲ್ಲೆಗಳೊಡನೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಅದರಲ್ಲಿ ಸೇರಿವೆ. ಆ ಕಸುಬುದಾರನ ಒಂದು ಗುಣ ನನಗೆ ಬಹಳ ಮೆಚ್ಚಿಗೆಯಾದುದು. ಅವನು ಗಿರಾಕಿಯ ಕಿಸೆಗಿಂತ ಮೊದಲು ಕಾಲನ್ನು ನೋಡುತ್ತಾನೆ. ಹೊಲದಲ್ಲಿ ನಡೆಯುವವನಿಗೆ ದಪ್ಪ ಅಟ್ಟೆ, ಪೇಟೆಯವನಿಗೆ ತೆಳುವಾದುದು. ನಡೆಯುವ ದಾರಿ ಯಾವುದೆಂದು ತಿಳಿದ ಮೇಲೆಯೇ ಅವನ ಉಳಿ ಚರ್ಮವನ್ನು ಮುಟ್ಟುತ್ತದೆ.

ಇದೇ ಊರುಗಳ ಪೇಟೆಯಲ್ಲಿ ಫೋನಿನ ಅಂಗಡಿಗೆ ಹೋಗಿ ನೋಡಿರಿ. ಅಲ್ಲಿ ಕೇಳುವ ಮೊದಲ ಮಾತು, “ಎಷ್ಟರಾಗ ಬೇಕ್ರಿ?” ಎಂಬುದು. ಕೆಲಸ ಯಾವುದೆಂದು ಕೇಳುವವರು ವಿರಳ.

ಚಿಕ್ಕೋಡಿ ಕಡೆಯ ಒಬ್ಬ ಅಂಗನವಾಡಿ ಕಾರ್ಯಕರ್ತೆ ಇತ್ತೀಚೆಗೆ ನನ್ನನ್ನು ಕೇಳಿದರು: “ಗುರುಗಳ, ಹಳೇ ಫೋನು ಕೈ ಕೊಟ್ಟೈತ್ರಿ. ಕೆಲಸಕ್ಕ ಹೊಸಾದು ಯಾವುದು ತಗೊಳ್ಳಲಿ?” ನಾನೆಂದೆ: “ಅಕ್ಕೋರ, ಮೊದಲು ನಿಮ್ಮ ದಿನಾ ಹ್ಯಾಂಗ ಹೋಗತೈತಿ ಹೇಳ್ರಿ.” ಅವರು ಹೇಳಿದ ದಿನಚರಿಯಲ್ಲಿ ಉತ್ತರದ ಬಹುಭಾಗ ತಾನಾಗಿಯೇ ಇದ್ದಿತು.

ಅಂಗನವಾಡಿಗಳ ಯೋಜನೆ ಆರಂಭವಾದುದು 1975ರ ಅಕ್ಟೋಬರ್ 2ರಂದು. ಬಹುಕಾಲ ಅಲ್ಲಿನ ಕರಣಗಳೆಂದರೆ ತಕ್ಕಡಿ, ಪೆನ್ನು, ರಿಜಿಸ್ಟರು. 2018ರ ಮಾರ್ಚ್ 8ರಂದು ಪೋಷಣ್ ಅಭಿಯಾನವೂ, 2021ರಲ್ಲಿ ಪೋಷಣ್ ಟ್ರ್ಯಾಕರ್ ಎಂಬ ಆ್ಯಪೂ ಬಂದವು. ಮಗುವಿನ ತೂಕ, ಎತ್ತರ, ಹಾಜರಿ ಇವೆಲ್ಲ ಫೋನಿನೊಳಗೆ ಸೇರಿದವು. 2025ರ ಜುಲೈಯಿಂದ ಮನೆಗೊಯ್ಯುವ ಆಹಾರ ಸಾಮಗ್ರಿಯನ್ನು ಕೊಡುವಾಗ ಫಲಾನುಭವಿಯ ಮುಖವನ್ನು ಕ್ಯಾಮೆರಾದಿಂದ ಗುರುತಿಸುವುದು ಕಡ್ಡಾಯವಾಯಿತು. ಫೋನು ಮಂದವಾದರೆ ಬಾಗಿಲಲ್ಲಿ ನಿಂತ ಬಾಣಂತಿ ಕಾಯಬೇಕು. ಆದುದರಿಂದ ಇದು ಅಭಿರುಚಿಯ ಪ್ರಶ್ನೆಯಲ್ಲ, ಅನ್ನದ ಪ್ರಶ್ನೆ.

ಆಯ್ಕೆ ತಪ್ಪಿದರೆ ಏನಾಗುವುದೆಂಬುದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ಗಡಿಯಾಚೆಯ ಮಹಾರಾಷ್ಟ್ರದಲ್ಲಿ 2021ರ ಆಗಸ್ಟಿನಲ್ಲಿ ಸಾವಿರಾರು ಅಂಗನವಾಡಿ ಕಾರ್ಯಕರ್ತೆಯರು ತಮಗೆ ಕೊಟ್ಟಿದ್ದ ಫೋನುಗಳನ್ನು ಸರಕಾರಕ್ಕೆ ಹಿಂದಿರುಗಿಸಿದರು. 2 ಜಿಬಿ ರ್ಯಾಮಿನ ಆ ಫೋನುಗಳು ಕೆಲಸದ ಭಾರವನ್ನು ತಾಳದೆ ಕಾಯುತ್ತವೆ, ನಡುವೆಯೇ ನಿಲ್ಲುತ್ತವೆ, ಇಂಗ್ಲಿಷಿನಲ್ಲಿ ತುಂಬಬೇಕಾದುದು ಕಷ್ಟ ಎಂಬುದು ಅವರ ದೂರು. ಅದನ್ನು ಹಟವೆಂದು ಕರೆಯಲಾಗದು. ಮೊಂಡಾದ ಕುಡುಗೋಲನ್ನು ಕೊಟ್ಟು ಕಬ್ಬು ಕಡಿಯೆಂದರೆ ಯಾವ ಆಳೂ ಹೇಳುವ ಮಾತದು.

ರ್ಯಾಮ್ ಎಂದರೇನೆಂದು ಶಾಲೆಯ ಭಾಷೆಯಲ್ಲಿ ಹೇಳಬಹುದು. ಸಂಗ್ರಹವೆಂಬುದು ಕಪಾಟು, ರ್ಯಾಮ್ ಎಂಬುದು ಮೇಜು. ಕಪಾಟು ಎಷ್ಟು ದೊಡ್ಡದಿದ್ದರೂ ಮೇಜು ಗೇಣಗಲವಾಗಿದ್ದರೆ ಒಂದು ಪುಸ್ತಕ ತೆರೆಯಲು ಇನ್ನೊಂದನ್ನು ಮುಚ್ಚಬೇಕಾಗುತ್ತದೆ. ಕೆಲಸದ ಫೋನಿಗೆ ಇಂದು 6 ಜಿಬಿಗೆ ಕಡಮೆಯಾದ ಮೇಜು ಸಾಲದೆಂದು ನಾನು ಹೇಳುತ್ತೇನೆ. ಬೆನ್ನ ಮೇಲೆ ಸಾಲಾಗಿ ನಿಂತ ಮಸೂರಗಳೂ ಆಟಗಳಿಗೆಂದು ಇಟ್ಟ ವೇಗವೂ ಅಕ್ಕೋರಿಗೆ ಬೇಕಿಲ್ಲ. ಆ ಹಣವು ಮೇಜಿಗೂ ಬ್ಯಾಟರಿಗೂ ಸಲ್ಲಲಿ.

ಎರಡನೆಯದು ಲಿಪಿ. ದೇಶದಲ್ಲಿ ಮಾರುವ ಫೋನು 22 ಭಾಷೆಗಳ ಬರಹವನ್ನು ತೋರಿಸಬೇಕು, ಇಂಗ್ಲಿಷು, ಹಿಂದಿಗಳಲ್ಲದೆ ಇನ್ನೊಂದು ಭಾರತೀಯ ಭಾಷೆಯಲ್ಲಾದರೂ ಬರೆಯಲು ಬರಬೇಕು ಎಂಬುದು ಭಾರತೀಯ ಮಾನಕ ಬ್ಯೂರೋ 2016ರಲ್ಲಿ ತಂದ ಮಾನಕದ ಸಾರ. ಆದರೆ “ಇನ್ನೊಂದು” ಎಂಬ ಮಾತು ನಿಪ್ಪಾಣಿಗೆ, ಕಾಗವಾಡಕ್ಕೆ ಸಾಲದು. ಇಲ್ಲಿ ಒಂದೇ ಓಣಿಯಲ್ಲಿ ಒಬ್ಬ ತಾಯಿಗೆ ಕನ್ನಡದಲ್ಲಿ, ನೆರೆಮನೆಯ ತಾಯಿಗೆ ಮರಾಠಿಯಲ್ಲಿ ಸಂದೇಶ ಕಳಿಸಬೇಕು. ಅಂಗಡಿಯಲ್ಲಿಯೇ ಎರಡೂ ಕೀಲಿಮಣೆಗಳನ್ನು ತೆರೆದು “ಜ್ಯೋತ್ಸ್ನಾ”, “ಲಕ್ಷ್ಮೀ” ಎಂಬಂಥ ಹೆಸರುಗಳನ್ನು ಬರೆದು ನೋಡುವುದು ಒಳ್ಳೆಯದು. ಅಕ್ಷರಗಳು ಸಣ್ಣವಾಗಿ ಕಂಡರೆ ದೊಡ್ಡದು ಮಾಡಿ, ಒತ್ತಕ್ಷರ ತುಂಡಾಗದೇ ಎಂಬುದನ್ನೂ ನೋಡಬೇಕು.

ಮೂರನೆಯದು ಬಿಸಿಲು, ನೀರು. ಅಥಣಿಯ ಬೇಸಗೆಯ ಅಂಗಳದಲ್ಲಿ ಪರದೆ ಕಾಣದಿದ್ದರೆ ಫೋನು ಇದ್ದೂ ಇಲ್ಲದಂತೆಯೇ. ಆದುದರಿಂದ ದೀಪದ ಕೆಳಗೆ ನೋಡದೆ ಅಂಗಡಿಯ ಹೊರಗೆ ಬಿಸಿಲಿಗೆ ಒಯ್ದು ನೋಡಬೇಕು. ಅತಿಯಾದ ಕಾವು ಲಿಥಿಯಂ ಬ್ಯಾಟರಿಯ ಆಯುಸ್ಸನ್ನು ಕುಗ್ಗಿಸುತ್ತದೆಂಬುದೂ ನೆನಪಿರಲಿ. ಪೆಟ್ಟಿಗೆಯ ಮೇಲಿನ ಐಪಿ 67 ಎಂಬ ಗುರುತಿನಲ್ಲಿ 6 ಎಂದರೆ ಧೂಳು ಒಳಹೋಗದು. 7 ಎಂದರೆ 1 ಮೀಟರು ಆಳದ ನೀರಿನಲ್ಲಿ 30 ನಿಮಿಷ ತಡೆದೀತು. 2019ರ ಆಗಸ್ಟಿನಲ್ಲಿಯೂ 2021ರ ಜುಲೈಯಲ್ಲಿಯೂ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಉಕ್ಕಿ ಬಂದುದನ್ನು ಕಂಡ ರಾಯಬಾಗ, ಚಿಕ್ಕೋಡಿ ತಾಲೂಕುಗಳ ನದಿತೀರದವರಿಗೆ ಈ ಅಂಕಿಯ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ.

ನಾಲ್ಕನೆಯದು ಸಂಕೇತ. ಗಡಿಯಲ್ಲಿ ಫೋನಿಗೆ ರಾಜ್ಯದ ಎಲ್ಲೆ ತಿಳಿಯದು. ಆಚೆಯ ಗೋಪುರ ಬಲವಾಗಿದ್ದರೆ ಅದನ್ನೇ ಹಿಡಿಯುತ್ತದೆ. ಒಂದು ಕಾಲಕ್ಕೆ ಮನೆಯ ಹಿತ್ತಿಲಿನಲ್ಲಿ ನಿಂತೇ ಪರರಾಜ್ಯದ ರೋಮಿಂಗ್ ದರ ತೆರಬೇಕಾಗಿತ್ತು. 2015ರ ಜೂನ್ 15ರಿಂದ ಬಿಎಸ್‌ಎನ್‌ಎಲ್ ರೋಮಿಂಗಿನಲ್ಲಿ ಒಳಬರುವ ಕರೆಗಳನ್ನು ಉಚಿತ ಮಾಡಿತು. ದರದ ತೊಡಕು ಹೋದರೂ ಸಂಕೇತದ ತೊಡಕು ಉಳಿದಿದೆ. ಆದುದರಿಂದ ಎರಡು ಸಿಮ್ ಹಿಡಿಸುವ ಫೋನೇ ಲೇಸು.

ಇನ್ನು ಬದಲಿ ಫೋನೆಂಬುದಕ್ಕೆ ತನ್ನದೇ ಆದ ಕರ್ತವ್ಯಗಳುಂಟು. ಬಳಸಿದ ಫೋನನ್ನು ಕೊಳ್ಳುವುದಾದರೆ *#06# ಒತ್ತಿ ಬರುವ 15 ಅಂಕಿಗಳ ಐಎಂಇಐ ಸಂಖ್ಯೆಯನ್ನು ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಪರೀಕ್ಷಿಸಬೇಕು. ಕಳವಿನ ಫೋನಾಗಿ ತಡೆಹಿಡಿಯಲ್ಪಟ್ಟಿದ್ದರೆ ಅಲ್ಲಿ ತಿಳಿದುಬರುತ್ತದೆ. ಹೊಸದಾದರೆ ಕಂಪನಿಯು ಭದ್ರತೆಯ ಅಪ್‌ಡೇಟುಗಳನ್ನು ಎಷ್ಟು ವರ್ಷ ಕೊಡುವುದೆಂದು ಕೇಳಬೇಕು. ಹಳೆಯ ಫೋನನ್ನು ವಿನಿಮಯಕ್ಕೆ ಕೊಡುವ ಮುನ್ನ ಒಳಗಿನದೆಲ್ಲವನ್ನೂ ಅಳಿಸಬೇಕು. ಅದರಲ್ಲಿರುವುದು ನಮ್ಮ ಗುಟ್ಟಷ್ಟೇ ಅಲ್ಲ. ಊರಿನ ತಾಯಂದಿರ ಫೋನ್ ಸಂಖ್ಯೆ, ಮಕ್ಕಳ ಚಿತ್ರ, ಅವರ ಆರೋಗ್ಯದ ಮಾಹಿತಿ. ನಂಬಿ ಕೊಟ್ಟ ಒಡವೆಯಂತೆ ಅದನ್ನು ಕಾಯತಕ್ಕದ್ದು.

ಶಿಕ್ಷಕರು, ಆಶಾ ಕಾರ್ಯಕರ್ತೆಯರು, ಹಾಲಿನ ಸಂಘದ ಕಾರ್ಯದರ್ಶಿಗಳು, ಸಕ್ಕರೆ ಕಾರ್ಖಾನೆಯ ಕ್ಷೇತ್ರ ಸಿಬ್ಬಂದಿ, ಇವರೆಲ್ಲರ ಕೈಗೂ ಇಂದು ಕೆಲಸದ ಫೋನು ಬಂದಿದೆ. ಹಣ ಕೊಡುವವರು ಸರಕಾರವಾಗಲಿ, ಸಂಘವಾಗಲಿ, ದುಡಿಯುವವರೇ ಆಗಲಿ, ಆಯ್ಕೆಯ ಮೊದಲ ಮಾತು ಬಳಸುವ ಕೈಯದಾಗಬೇಕು. ಕೊಳ್ಳುವ ಮುನ್ನ ಒಂದು ಮಾದರಿಯನ್ನು ಅವರಿಗೆ ಕೊಟ್ಟು, ಒಂದು ವಾರ ಬಿಸಿಲಿನಲ್ಲಿಯೂ ಓಣಿಯಲ್ಲಿಯೂ ಬಳಸಿಸಿ ಕೇಳುವುದಕ್ಕೆ ಹೆಚ್ಚಿನ ವೆಚ್ಚವೇನೂ ಇಲ್ಲ. ತೂಕದ ಅಂಕಿ ಸರಿಯಾಗಿ ದಾಖಲಾದರೆ ಬಡಕಲಾಗುತ್ತಿರುವ ಮಗು ಸಕಾಲಕ್ಕೆ ಕಣ್ಣಿಗೆ ಬೀಳುತ್ತದೆ. ಒಳ್ಳೆಯ ಫೋನು ಯಾವುದೆಂಬುದಕ್ಕೆ ಅದಕ್ಕಿಂತ ಮಿಗಿಲಾದ ಒರೆಗಲ್ಲು ಬೇರೊಂದಿಲ್ಲ.