ಕೆಡವುವ ಮುನ್ನ ಕುಳಿತು ಲೆಕ್ಕ ಹಾಕೋಣ



ಆರ್.ಟಿ. ನಗರ, ಹೆಬ್ಬಾಳ, ಯಶವಂತಪುರ, ಯಲಹಂಕ, ಈ ಕಡೆಯ ಯಾವ ಅಡ್ಡರಸ್ತೆಗೆ ಕಾಲಿಟ್ಟರೂ ಒಂದು ದೃಶ್ಯ ಕಣ್ಣಿಗೆ ಬೀಳುತ್ತದೆ. ಹಸಿರು ಬಲೆ ಹೊದಿಸಿದ ಹಳೆಯ ಮನೆ, ಗೋಡೆಗೆ ಬಡಿಯುವ ಸುತ್ತಿಗೆ, ಬಾಗಿಲು ಕಿಟಕಿಗಳನ್ನು ಹೇರಿಕೊಂಡು ಹೊರಟ ಟೆಂಪೊ, ಅರ್ಧ ರಸ್ತೆಗೆ ಸುರಿದ ಜಲ್ಲಿ. ಮೊನ್ನೆಯವರೆಗೆ ಸಂಸಾರ ನಡೆದಿದ್ದ ಮನೆ ಅದು. ವರ್ಷ ಕಳೆಯುವುದರೊಳಗೆ ಅದೇ ಜಾಗದಲ್ಲಿ ನಾಲ್ಕು ಅಂತಸ್ತು ಏಳುತ್ತದೆ. ಇದನ್ನು ನಾವು ಅಭಿವೃದ್ಧಿ ಎನ್ನುತ್ತೇವೆ. ಹೊಸ ಮನೆ ಕಟ್ಟುವುದು ತಪ್ಪೆಂದು ಯಾರೂ ಹೇಳುವುದಿಲ್ಲ. ಆದರೆ ಕೆಡವಿದ್ದರ ಬೆಲೆ ಎಷ್ಟು, ಅದನ್ನು ತೆರುವವರು ಯಾರು ಎಂದು ನಾವು ಕೇಳಿಕೊಳ್ಳುವುದು ಕಡಿಮೆ.

ಹತ್ತು ಚದರದ ಮನೆಯ ಲೆಕ್ಕ

ಬೆಂಗಳೂರಿನಲ್ಲಿ ಮನೆಯನ್ನು ಚದರದಲ್ಲಿ ಅಳೆಯುವುದು ರೂಢಿ. ಒಂದು ಚದರವೆಂದರೆ ನೂರು ಚದರಡಿ. 30-40ರ ನಿವೇಶನದಲ್ಲಿ ಹತ್ತು ಚದರದ ಮನೆಯೊಂದಿದೆ ಎಂದುಕೊಳ್ಳೋಣ. ಕಟ್ಟಡ ಕಟ್ಟುವವರ ಸಾಮಾನ್ಯ ಅಂದಾಜಿನಂತೆ ಅಂಥ ಮನೆಗೆ ಸುಮಾರು 400 ಮೂಟೆ ಸಿಮೆಂಟು, 4 ಟನ್ ಕಬ್ಬಿಣ ಬೇಕು. 50 ಕಿಲೋದ 400 ಮೂಟೆ ಎಂದರೆ 20 ಟನ್ ಸಿಮೆಂಟು. ಒಂದು ಟನ್ ಸಿಮೆಂಟು ತಯಾರಾಗುವಾಗ ಅರ್ಧ ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಸುಣ್ಣದ ಕಲ್ಲನ್ನು ಸುಟ್ಟಾಗ ಕಲ್ಲಿನೊಳಗಿಂದಲೇ ಈ ಅನಿಲ ಹೊರಬರುತ್ತದೆ. ಕುಲುಮೆಗೆ ಹಾಕುವ ಇಂಧನದ ಹೊಗೆ ಅದಕ್ಕೆ ಕೂಡುತ್ತದೆ. ಜಗತ್ತಿನಲ್ಲಿ ಮನುಷ್ಯರಿಂದ ಹೊರಬೀಳುವ ಈ ಅನಿಲದಲ್ಲಿ ಶೇಕಡಾ 7-8ರಷ್ಟು ಸಿಮೆಂಟಿನದೇ. ಹಳೆಯ ಮನೆ ಈ ಬೆಲೆಯನ್ನು ಒಮ್ಮೆ ತೆತ್ತಾಗಿದೆ. ಅದನ್ನು ಕೆಡವಿ ಕಟ್ಟಿದರೆ ಮತ್ತೆ ಮೊದಲಿನಿಂದ ತೆರಬೇಕು.

ಇನ್ನು ಅವಶೇಷ. ಪಕ್ಕಾ ಕಟ್ಟಡ ಕೆಡವಿದಾಗ ಪ್ರತಿ ಚದರ ಮೀಟರಿಗೆ 300ರಿಂದ 500 ಕಿಲೋ ಅವಶೇಷ ಬರುತ್ತದೆಂಬುದು ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಅಂದಾಜು. ಹತ್ತು ಚದರವೆಂದರೆ 93 ಚದರ ಮೀಟರ್. ಅಂದರೆ ಒಂದೇ ಮನೆಯಿಂದ 28ರಿಂದ 46 ಟನ್! ಮರ, ಕಬ್ಬಿಣ ಗುಜರಿಗೆ ಹೋಗುತ್ತವೆ. ಉಳಿದ ಇಟ್ಟಿಗೆ, ಗಾರೆ, ಕಾಂಕ್ರೀಟು ಎಷ್ಟೋ ಬಾರಿ ರಾತ್ರಿ ಹೊತ್ತು ಖಾಲಿ ನಿವೇಶನಕ್ಕೋ ಕೆರೆಯಂಚಿಗೋ ರಾಜಕಾಲುವೆಗೋ ಬೀಳುತ್ತದೆ. ಮಳೆಗಾಲದಲ್ಲಿ ನೀರು ತಗ್ಗಿನ ಮನೆಗಳಿಗೆ ನುಗ್ಗಿದಾಗ ನಾವು ಮಳೆಯನ್ನು ಬಯ್ಯುತ್ತೇವೆ.

ಮನೆಗಳು ಬೀಳುವುದೇಕೆ?

ಹಳೆಯ ಮನೆ ಶಿಥಿಲವಾಗಿದ್ದರೆ ಕೆಡವಲೇಬೇಕು. ಆದರೆ ಬೀಳುವ ಮನೆಗಳೆಲ್ಲ ಶಿಥಿಲವಾದವಲ್ಲ. ಕರ್ನಾಟಕ ಗೃಹ ಮಂಡಳಿ ಕಟ್ಟಿದ ಯಲಹಂಕ ಉಪನಗರದಂಥ ಬಡಾವಣೆಗಳಲ್ಲಿ ಮನೆಗಿಂತ ಮನೆಯ ಕೆಳಗಿನ ನೆಲ ದುಬಾರಿಯಾಗಿದೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಬಳ್ಳಾರಿ ರಸ್ತೆಯ ಆಸುಪಾಸಿನ ನೆಲಕ್ಕೆ ಬಂದ ಬೆಲೆ ಎಲ್ಲರಿಗೂ ಗೊತ್ತು. ಒಂದು ಮನೆಯ ಜಾಗದಲ್ಲಿ ಎಂಟು ಬಾಡಿಗೆ ಬರುವಂತಿದ್ದರೆ ಗಟ್ಟಿ ಗೋಡೆಗೂ ಉಳಿಗಾಲವಿಲ್ಲ. ಅಣ್ಣತಮ್ಮಂದಿರ ಪಾಲು ಇನ್ನೊಂದು ಕಾರಣ. ಮತ್ತೊಂದು ಕಾರಣವನ್ನು ನಾವು ಗಮನಿಸುವುದೇ ಇಲ್ಲ: ಹಳೆಯ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸ ಪದರ ಹಾಕುತ್ತಾ ಹೋದರೆ ರಸ್ತೆ ಏರುತ್ತದೆ, ಮನೆ ತಗ್ಗಿಗಿಳಿಯುತ್ತದೆ. ಕೊನೆಗೆ ಮೋರಿ ನೀರು ಹೊಸ್ತಿಲು ದಾಟುತ್ತದೆ. ತಪ್ಪು ರಸ್ತೆಯದು, ಶಿಕ್ಷೆ ಮನೆಗೆ.

ಬೆಲೆ ತೆರುವವರು

ಇಂಥ ಹಳೆಯ ಮನೆಗಳ ಹಿಂಬದಿಯ ಒಂದು ಕೋಣೆ, ಮೇಲಿನ ಶೀಟು ಮನೆಗಳಲ್ಲಿ ಗಾರ್ಮೆಂಟ್ಸ್ ಕೆಲಸದವರು, ಆಟೋ ಓಡಿಸುವವರು, ಮನೆಗೆಲಸದ ಹೆಂಗಸರು ಕಡಿಮೆ ಬಾಡಿಗೆಗೆ ಬಾಳಿದ್ದರು. ಮನೆ ಬಿದ್ದಾಗ ಮೊದಲು ಹೊರಡುವವರು ಅವರು. ಹೊಸ ಕಟ್ಟಡದ ಬ್ಯಾಂಕ್ ಸಾಲದ ಕಂತು ಬಾಡಿಗೆಯಿಂದಲೇ ತೀರಬೇಕು. ಹಾಗಾಗಿ ಅದೇ ಜಾಗಕ್ಕೆ ಅವರು ಮರಳಿ ಬರಲಾರರು. 8 ಸಾವಿರದ ಮನೆ ಬಿಟ್ಟು 14 ಸಾವಿರದ ಮನೆ ಹಿಡಿಯಬೇಕಾಯಿತು ಎಂದಿಟ್ಟುಕೊಳ್ಳಿ. ತಿಂಗಳಿಗೆ 6 ಸಾವಿರ ಹೆಚ್ಚು. ಬೆಂಗಳೂರಿನ ಹಳೆಯ ರೂಢಿಯಂತೆ ಹತ್ತು ತಿಂಗಳ ಅಡ್ವಾನ್ಸ್ ಕೇಳಿದರೆ ಕೈಯಿಂದ ಇನ್ನೂ 60 ಸಾವಿರ. ಕೇಂದ್ರ ಸರಕಾರದ 2021ರ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯಷ್ಟೇ ಠೇವಣಿ ಸಾಕೆನ್ನುತ್ತದೆ. ಆದರೆ ರಾಜ್ಯಗಳು ಒಪ್ಪಿ ಅಳವಡಿಸಿಕೊಂಡರೆ ಮಾತ್ರ ಅದು ಕಾನೂನು. ಅಗ್ಗದ ಮನೆ ಹುಡುಕಿ ಊರಾಚೆ ಹೋದರೆ ಬಸ್ಸಿನ ಖರ್ಚು ಕಾದಿರುತ್ತದೆ; 2025ರ ಜನವರಿಯಲ್ಲಿ ಬಿಎಂಟಿಸಿ ದರ ಶೇಕಡಾ 15ರಷ್ಟು ಏರಿತು. ಜತೆಗೆ ಮಕ್ಕಳ ಶಾಲೆ ಬದಲಾಗುತ್ತದೆ, ಕಷ್ಟಕ್ಕಾಗುವ ನೆರೆಹೊರೆ ತಪ್ಪಿಹೋಗುತ್ತದೆ.

ದುರಸ್ತಿಯ ದಾರಿ

ಕೆಡವುವುದೊಂದೇ ದಾರಿಯಲ್ಲ ಎಂಬುದಕ್ಕೆ ಯಶವಂತಪುರದ ಆಚೆಗಿನ ಪೀಣ್ಯ ಮೇಲ್ಸೇತುವೆ ಸಾಕ್ಷಿ. 2021ರ ಡಿಸೆಂಬರ್‌ನಲ್ಲಿ ಅದರ ಒಳಗಿನ ಬಿಗಿಕೇಬಲ್‌ಗಳಲ್ಲಿ ದೋಷ ಕಂಡು ಸಂಚಾರ ನಿಂತಿತು. ಭಾರಿ ವಾಹನಗಳಿಗೆ ಎರಡೂವರೆ ವರ್ಷ ಪ್ರವೇಶವಿರಲಿಲ್ಲ, ಜನ ಬೇಸತ್ತರು. ಆದರೂ ಸೇತುವೆಯನ್ನು ಉರುಳಿಸಲಿಲ್ಲ. ತಜ್ಞರ ಸಲಹೆಯಂತೆ ಹೊಸ ಕೇಬಲ್‌ಗಳನ್ನು ಅಳವಡಿಸಿ, ಭಾರ ಹೇರಿ ಪರೀಕ್ಷಿಸಿ, 2024ರ ಜುಲೈಯಲ್ಲಿ ಭಾರಿ ವಾಹನಗಳಿಗೂ ತೆರೆದರು. ತಾಳ್ಮೆಯಿಂದ ಒಂದು ಇಡೀ ಸೇತುವೆ ಉಳಿಯಿತು.

ಮನೆಗೂ ಇದೇ ನ್ಯಾಯ. ಕೆಡವುವ ಮುನ್ನ ಕಟ್ಟಡದ ಬಲ ಬಲ್ಲ ಎಂಜಿನಿಯರರಿಗೆ ತೋರಿಸಿ. ಸೋರುವ ತಾರಸಿ, ತುಕ್ಕು ಹಿಡಿದ ಕಂಬಿ, ಕೊಳೆತ ಪೈಪು, ಇವೆಲ್ಲ ಸರಿಪಡಿಸಬಹುದಾದವು. ಮೇಲಂತಸ್ತು ಬೇಕಿದ್ದರೆ ಅಡಿಪಾಯ ತಾಳುತ್ತದೆಯೇ ಎಂದು ಕೇಳಿ. 2024ರ ಅಕ್ಟೋಬರ್‌ನಲ್ಲಿ ಹೆಣ್ಣೂರು ಬಳಿಯ ಬಾಬುಸಾಪಾಳ್ಯದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿದು ಒಂಬತ್ತು ಮಂದಿ ಸತ್ತರು. ಹೊಸದೆಂದ ಮಾತ್ರಕ್ಕೆ ಗಟ್ಟಿಯಲ್ಲ.

ಕೆಡವಲೇಬೇಕಾದರೆ ಕಲ್ಲು, ಇಟ್ಟಿಗೆ, ಹೆಂಚು, ಮರಗಳನ್ನು ಬೇರೆಬೇರೆಯಾಗಿ ಬಿಚ್ಚಿಸಿ. ಸಾದರಹಳ್ಳಿ ಕಲ್ಲಿನ ಚಪ್ಪಡಿ, ತೇಗದ ಚೌಕಟ್ಟು ಇನ್ನೊಂದು ತಲೆಮಾರು ಬಾಳುತ್ತವೆ. ಕಟ್ಟಡ ತ್ಯಾಜ್ಯವನ್ನು ರಸ್ತೆ, ಮೋರಿಗಳಿಗೆ ಸುರಿಯದೆ ವಿಂಗಡಿಸಿ ಕೊಡಬೇಕೆಂದು 2016ರ ನಿಯಮವೇ ಹೇಳಿತ್ತು. 2026ರ ಏಪ್ರಿಲ್ 1ರಿಂದ ಜಾರಿಯಾಗುವಂತೆ ಹೊರಡಿಸಿದ ಹೊಸ ನಿಯಮ, 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಯೋಜನೆಗಳಿಗೆ ಮರುಬಳಕೆಯ ಗುರಿ ವಿಧಿಸುತ್ತದೆ. ನಮ್ಮ 30-40ರ ಮನೆಗೆ ಆ ಗುರಿ ಅನ್ವಯಿಸದು. ಅಲ್ಲಿ ಮನಸ್ಸಾಕ್ಷಿಯೇ ಗುರಿ ನಿಗದಿ ಮಾಡಬೇಕು.

ಪೋಪ್ ಫ್ರಾನ್ಸಿಸ್‌ರವರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಬಳಸಿ ಬಿಸಾಡುವ ಸಂಸ್ಕೃತಿಯ ಬಗ್ಗೆಯೂ ಬಡವರಿಗೆ ಮನೆ ಸಿಗದ ಸಂಕಟದ ಬಗ್ಗೆಯೂ ಬರೆದರು. ಅವೆರಡೂ ಒಂದೇ ಬೀದಿಯಲ್ಲಿ ಸಂಧಿಸುವುದನ್ನು ನಾವು ದಿನವೂ ಕಾಣುತ್ತಿದ್ದೇವೆ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನೆಂದು ಶುಭಸಂದೇಶದಲ್ಲಿ ಕೇಳಿದ್ದೇವೆ. ಕೆಡವುವವನೂ ಹಾಗೆಯೇ ಕುಳಿತುಕೊಳ್ಳಲಿ. ಆ ಲೆಕ್ಕದಲ್ಲಿ ಹಿಂಬದಿಯ ಕೋಣೆಯ ಬಾಡಿಗೆದಾರರಿಗೂ ಒಂದು ಸಾಲು ಇರಲಿ. ಅವರಿಗೆ ಸಾಕಷ್ಟು ಮುಂಚೆ ತಿಳಿಸೋಣ, ಅಡ್ವಾನ್ಸ್ ಹಣವನ್ನು ಮುರಿದುಕೊಳ್ಳದೆ ಹಿಂದಿರುಗಿಸೋಣ, ಶಾಲೆಯ ವರ್ಷ ಮುಗಿಯುವವರೆಗಾದರೂ ಸುತ್ತಿಗೆಯನ್ನು ತಡೆಯೋಣ.