ಅಪ್ಪನ ಯುದ್ಧ ಇನ್ನೂ ಮುಗಿದಿಲ್ಲ

ದೀಪಾವಳಿಯ ರಾತ್ರಿ. ಬೀದಿಯಲ್ಲಿ ಪಟಾಕಿಯ ಸರವೊಂದು ಸಿಡಿಯುತ್ತದೆ. ಸೈನ್ಯದಿಂದ ನಿವೃತ್ತರಾಗಿ ಊರಿಗೆ ಮರಳಿದ ತಂದೆಯ ಕೈಯಿಂದ ಕಾಫಿ ಲೋಟ ಜಾರುತ್ತದೆ. ಮರುಕ್ಷಣ ಅವರು ಗೋಡೆಯ ಮೂಲೆಯಲ್ಲಿ ಮುದುಡಿ ಕುಳಿತಿರುತ್ತಾರೆ, ಮೈಯೆಲ್ಲ ಬೆವರು. ಮಕ್ಕಳು ಕಕ್ಕಾಬಿಕ್ಕಿ. 'ಗುಂಡಿಗೆ ಎದೆಯೊಡ್ಡಿದವರಿಗೆ ಪಟಾಕಿ ಭಯವೇ?' ಎಂದು ನೆರೆಯವರು ನಗುತ್ತಾರೆ.

ನಗುವ ವಿಷಯವಲ್ಲ ಇದು. ಇದು ಹೇಡಿತನವೂ ಅಲ್ಲ, ಹುಚ್ಚೂ ಅಲ್ಲ. ಇದರ ಹೆಸರು ಆಘಾತೋತ್ತರ ಒತ್ತಡದ ಬೇನೆ, ಚಿಕ್ಕದಾಗಿ ಪಿಟಿಎಸ್‌ಡಿ. ಕಂಡ ಭೀಕರ ದೃಶ್ಯ ಕನಸಾಗಿ ಮರಳುವುದು, ಅದನ್ನು ನೆನಪಿಸುವ ಜಾಗ ಮತ್ತು ಮಾತುಗಳಿಂದ ದೂರ ಓಡುವುದು, ಮಮತೆ ಸಂತೋಷಗಳು ಮರಗಟ್ಟುವುದು, ನಿದ್ದೆಗೇಡು, ಸಿಡುಕು, ಸದಾ ಕಾವಲಿನವನ ಎಚ್ಚರ: ಇಂಥವು ತಿಂಗಳು ಕಳೆದರೂ ಉಳಿದು ಬದುಕನ್ನು ಕೆಡಿಸಿದರೆ ವೈದ್ಯರನ್ನು ಕಾಣಲೇಬೇಕು.

ಹಳೆಯ ಬೇನೆ, ಹೊಸ ಹೆಸರು

ಮೊದಲ ಮಹಾಯುದ್ಧದಲ್ಲಿ ಇದೇ ಬಗೆಯ ನರಳಾಟವನ್ನು 'ಶೆಲ್ ಶಾಕ್' ಎಂದು ಕರೆದರು. 1915ರಲ್ಲಿ ಚಾರ್ಲ್ಸ್ ಮಯರ್ಸ್ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದರು. ಆದರೂ ಹೇಡಿಗಳೆಂದು, ಪಲಾಯನ ಮಾಡಿದವರೆಂದು ಬ್ರಿಟಿಷ್ ಸೇನೆ ತನ್ನದೇ ಸೈನಿಕರನ್ನು ಗುಂಡಿಕ್ಕಿ ಕೊಂದಿತು. ಅಂಥ 306 ಮಂದಿಗೆ ಬ್ರಿಟನ್ ಕ್ಷಮಾದಾನ ನೀಡಿದ್ದು 2006ರಲ್ಲಿ! ವಿಯೆಟ್ನಾಂ ಯುದ್ಧದ ಬಳಿಕ, 1980ರಲ್ಲಿ, ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಪಿಟಿಎಸ್‌ಡಿ ಎಂಬ ಹೆಸರು ಸೇರಿತು.

ಪಾವ್ಲೊವ್‌ನ ನಾಯಿ ಕಲಿಸುವ ಪಾಠ

ವಿದ್ಯಾರ್ಥಿಗಳಿಗೆ ಪಾವ್ಲೊವ್‌ನ ನಾಯಿ ಗೊತ್ತು. ಸದ್ದಿನ ಜೊತೆಗೇ ಊಟ ಕೊಡುತ್ತ ಬಂದರೆ, ಕೊನೆಗೆ ಬರಿಯ ಸದ್ದಿಗೂ ಅದರ ಬಾಯಲ್ಲಿ ಜೊಲ್ಲು ಸುರಿಯುತ್ತದೆ. ರಣರಂಗದಲ್ಲೂ ಇಂಥದೇ ಕಲಿಕೆ. ಸ್ಫೋಟದ ಸದ್ದಿನ ಜೊತೆ ಸಾವಿನ ಭಯ ಬೆಸೆದುಕೊಳ್ಳುತ್ತದೆ. ಮಿದುಳಿನ ಒಳಗೆ ಬಾದಾಮಿಯಾಕಾರದ ಅಮಿಗ್ಡಲಾ ಎಂಬ ಭಾಗವಿದೆ. ಅಪಾಯದ ಸುಳಿವು ಸಿಕ್ಕೊಡನೆ ಅದು ದೇಹವನ್ನು ಎಚ್ಚರಿಸುತ್ತದೆ. ಅಡ್ರಿನಲಿನ್ ಹರಿದು ಎದೆಬಡಿತ ಏರುತ್ತದೆ. 'ಇದು ಬರೀ ಪಟಾಕಿ' ಎಂದು ಹಣೆಯ ಹಿಂದಿರುವ ಮಿದುಳಿನ ಭಾಗ ಸಮಾಧಾನ ಹೇಳಬೇಕು. ಈ ಬೇನೆಯಲ್ಲಿ ಆ ಸಮಾಧಾನದ ಮಾತು ಸೋಲುತ್ತದೆ.

ಪಾವ್ಲೊವ್ ಇನ್ನೊಂದು ಸಂಗತಿಯನ್ನೂ ಕಂಡಿದ್ದ. ಊಟವಿಲ್ಲದೆ ಸದ್ದನ್ನಷ್ಟೇ ಮತ್ತೆ ಮತ್ತೆ ಕೇಳಿಸಿದರೆ ಜೊಲ್ಲು ಕ್ರಮೇಣ ನಿಲ್ಲುತ್ತದೆ. ಎಡ್ನಾ ಫೋವಾ ರೂಪಿಸಿದ ಚಿಕಿತ್ಸೆಯಲ್ಲಿ ಇಂಥದೇ ತತ್ವವಿದೆ. ತರಬೇತಾದ ಚಿಕಿತ್ಸಕರ ಜೊತೆಯಲ್ಲಿ, ಸುರಕ್ಷಿತ ಸ್ಥಳದಲ್ಲಿ, ರೋಗಿ ಆ ನೆನಪನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸುತ್ತಾನೆ. ಸರ್ಟ್ರಲಿನ್‌ನಂಥ ಔಷಧಗಳೂ ಹಲವರಿಗೆ ನೆರವಾಗುತ್ತವೆ.

ಪ್ರೀತಿಯೂ ತಪ್ಪು ಮಾಡಬಹುದು

ಮನೆಯವರು ಎಡವುವುದು ಇಲ್ಲೇ. ಅಪ್ಪನಿಗೆ ನೋವಾಗಬಾರದೆಂದು ಟಿವಿ ಬಂದ್, ನೆಂಟರು ಬಂದ್, ಮದುವೆ ಜಾತ್ರೆ ಎಲ್ಲ ಬಂದ್. ಇದು ಪ್ರೀತಿಯೇ. ಆದರೆ ಎಲ್ಲದರಿಂದ ತಪ್ಪಿಸಿಕೊಂಡವರಿಗೆ 'ಇಲ್ಲಿ ಅಪಾಯವಿಲ್ಲ' ಎಂಬುದನ್ನು ಕಲಿಯುವ ಅವಕಾಶವೇ ಸಿಗುವುದಿಲ್ಲ. ಹಾಗೆಂದು ಅವರ ಪಕ್ಕದಲ್ಲೇ ಪಟಾಕಿ ಹಚ್ಚಿ 'ಅಭ್ಯಾಸ ಮಾಡಿಸುವುದು' ಚಿಕಿತ್ಸೆಯಲ್ಲ, ಕ್ರೌರ್ಯ. ಹೆಜ್ಜೆ ಎಷ್ಟು, ಯಾವಾಗ ಎಂಬುದನ್ನು ಅವರೂ ಚಿಕಿತ್ಸಕರೂ ನಿರ್ಧರಿಸಲಿ.

ಮನೆಯವರು ಮಾಡಬಹುದಾದದ್ದು ಸಾಕಷ್ಟಿದೆ. ನಿದ್ದೆಯಲ್ಲಿ ಚೀರಿದರೆ ಮೈಮುಟ್ಟಿ ಅಲುಗಿಸಬೇಡಿ. ದೂರದಿಂದ ಹೆಸರು ಹಿಡಿದು ಕರೆಯಿರಿ, ದೀಪ ಹಾಕಿ. ಊಟ, ನಿದ್ದೆಯ ವೇಳೆ ನಿಗದಿಯಾಗಿರಲಿ. 'ಎಷ್ಟು ಜನರನ್ನು ಕೊಂದಿರಿ?' ಎಂದು ಕೇಳಬೇಡಿ. 'ಎಲ್ಲ ಮರೆತುಬಿಡಿ' ಎನ್ನಲೂ ಬೇಡಿ. ತಾವಾಗಿ ಮಾತಾಡಿದರೆ ಕೇಳಿ, ಸಾಕು. ಕುಡಿತ ನಿದ್ದೆಯನ್ನೂ ಬೇನೆಯನ್ನೂ ಇನ್ನಷ್ಟು ಕೆಡಿಸುತ್ತದೆಂಬುದು ನೆನಪಿರಲಿ.

ಬೇನೆಯ ಹೆಸರಿನಲ್ಲಿ ಹೊಡೆತ ಬಡಿತವನ್ನು ಸಹಿಸಬೇಕಾಗಿಲ್ಲ. ಅಂಥ ಹೊತ್ತಿನಲ್ಲಿ ತಾಯಿ ಮಕ್ಕಳು ಮೊದಲು ಸುರಕ್ಷಿತ ಜಾಗ ಸೇರಬೇಕು. ಹಗಲಿರುಳು ಆರೈಕೆಗೆ ನಿಂತ ತಾಯಿಗೂ ವಿಶ್ರಾಂತಿ, ತವರಿನವರ ಆಸರೆ ಬೇಕು.

ಮಕ್ಕಳು ಎರಡು ಮಾತು ನೆನಪಿಡಬೇಕು. ಅಪ್ಪನ ಸಿಡುಕಿಗೆ ನಿಮ್ಮ ಅಂಕಪಟ್ಟಿ ಕಾರಣವಲ್ಲ. ಅವರನ್ನು ಗುಣಪಡಿಸುವುದು ನಿಮ್ಮ ಕೆಲಸವೂ ಅಲ್ಲ. ಮನಸ್ಸು ಭಾರವಾದರೆ ಅಜ್ಜಿಗೋ, ನೆಚ್ಚಿನ ಮೇಷ್ಟರಿಗೋ ಹೇಳಿ. ಅದು ಮನೆಯ ಗುಟ್ಟು ಬಯಲು ಮಾಡಿದಂತಲ್ಲ.

ನಿಮ್ಹಾನ್ಸ್, ಜಿಲ್ಲಾಸ್ಪತ್ರೆಯ ಮನೋವೈದ್ಯರಲ್ಲದೆ, ಸದಸ್ಯರಾದ ನಿವೃತ್ತ ಸೈನಿಕರಿಗೆ 2003ರಿಂದ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ಗಳ ದಾರಿಯೂ ಇದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಬಂದರೆ ಒಂಟಿಯಾಗಿ ಬಿಡಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಚಿಕಿತ್ಸೆ ಪಡೆದವರಿಗೆ ಮುಂದಿನ ದೀಪಾವಳಿ ಪೂರ್ತಿ ನಿರಾತಂಕವಾಗಿಯೇ ಇರುತ್ತದೆ ಎನ್ನಲಾಗದು. ಆದರೆ ಪಟಾಕಿ ಹಚ್ಚುವ ಮುನ್ನ 'ಅಪ್ಪಾ, ಈಗ ಹಚ್ಚುತ್ತೇವೆ' ಎಂದು ಮಗಳು ಹೇಳಿ ಹೋದರೆ, ಅವರು ಒಳಗಿನ ಕೋಣೆಯಲ್ಲಿ ಕುಳಿತು, ಸದ್ದಡಗಿದ ಮೇಲೆ ಹೊರಬಂದು ಒಂದು ಹಣತೆ ಹಚ್ಚಬಹುದು. ಗೆಲುವು ಬರುವುದು ಇಂಥ ಸಣ್ಣ ಹೆಜ್ಜೆಗಳಲ್ಲೇ.