ಮೂರ್ತಿ ಚಿಕ್ಕದು, ಕೀರ್ತಿ ದೊಡ್ಡದು



'ಸರ್ವರ್' ಎಂದೊಡನೆ ನಿಮಗೆ ನೆನಪಾಗುವುದು ತಣ್ಣನೆಯ ಕೋಣೆಯಲ್ಲಿ ಸಾಲಾಗಿ ನಿಂತ ಯಂತ್ರಗಳು. ನಮ್ಮ ಪೀಳಿಗೆಗೆ ನೆನಪಾಗುವವನು ಉಡುಪಿ ಹೋಟೆಲಿನ ಮಾಣಿ! ನಗಬೇಡಿ, ಇಬ್ಬರ ಕೆಲಸವೂ ಒಂದೇ: ಕೇಳಿದವರಿಗೆ ಕೇಳಿದ್ದನ್ನು ತಂದುಕೊಡುವುದು. ನಾಲ್ಕು ಮೇಜಿನ ಹೋಟೆಲಿಗೆ ಒಬ್ಬ ಚುರುಕಾದ ಮಾಣಿ ಸಾಕಲ್ಲವೇ? ಹಾಗೆಯೇ ಒಂದು ಮನೆಗೆ, ಒಂದು ಸಣ್ಣ ಸಂಘಕ್ಕೆ, ಅಂಗೈಯಲ್ಲಿ ಹಿಡಿಯುವ ಕಂಪ್ಯೂಟರೇ ಸರ್ವರ್ ಆಗಬಲ್ಲದು.

ರಾಸ್ಪ್‌ಬೆರಿ ಪೈ ಎಂಬ ಹೆಸರನ್ನು ನೀವು ಕೇಳಿರುತ್ತೀರಿ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ, ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲೆಂದು ರೂಪಿಸಿದ ಈ ಪುಟ್ಟ ಬೋರ್ಡ್ 2012ರ ಫೆಬ್ರವರಿ 29ರಂದು 35 ಡಾಲರ್ ಬೆಲೆಗೆ ಮಾರಾಟಕ್ಕೆ ಬಂತು. ಇದರಲ್ಲಿರುವುದು ನಿಮ್ಮ ಮೊಬೈಲಿನಲ್ಲಿರುವಂಥದೇ ಆರ್ಮ್ ವಂಶದ ಪ್ರೊಸೆಸರ್. ಆ ವಂಶದ ಮೊದಲ ಚಿಪ್ ಹುಟ್ಟಿದ್ದೂ ಕೇಂಬ್ರಿಜ್‌ನಲ್ಲೇ, 1985ರಲ್ಲಿ. ಕಡಿಮೆ ವಿದ್ಯುತ್ತಿನಲ್ಲಿ ದುಡಿಯುವುದು ಅದರ ಹುಟ್ಟುಗುಣ.

ಗೃಹಿಣಿಯಾದ ನನ್ನ ಕಣ್ಣು ಮೊದಲು ಹೋಗುವುದು ಕರೆಂಟ್ ಬಿಲ್ಲಿಗೆ. ಸರ್ವರ್ ಹಗಲಿರುಳೂ ಎಚ್ಚರವಾಗಿರಬೇಕು. 60 ವ್ಯಾಟಿನ ಹಳೆಯ ಡೆಸ್ಕ್‌ಟಾಪ್ ಹಾಗೆ ಉರಿದರೆ ತಿಂಗಳಿಗೆ ಸುಮಾರು 43 ಯೂನಿಟ್. 5 ವ್ಯಾಟಿನ ಬೋರ್ಡಿಗೆ 4 ಯೂನಿಟ್ಟೂ ಆಗದು.

ಇಷ್ಟು ಸಣ್ಣದು ಏನು ಮಾಡೀತು ಎನ್ನುವಿರಾ? 2019ರ ಜೂನ್‌ನಲ್ಲಿ ಪೈ 4 ಬಿಡುಗಡೆಯಾದಾಗ, ನೋಡಲು ಮುಗಿಬಿದ್ದ ಜನಸಂದಣಿಯನ್ನು ಎದುರಿಸಲು ಆ ಸಂಸ್ಥೆ ತನ್ನ ಜಾಲತಾಣವನ್ನು 18 ಪೈ 4ಗಳ ಮೇಲೆಯೇ ನಡೆಸಿ ತೋರಿಸಿತು. ಹನಿ ಹನಿಗೂಡಿದರೆ ಹಳ್ಳ!

ಆದರೆ ಗುಣದ ಜೊತೆ ದೋಷವನ್ನೂ ಹೇಳಬೇಕು. ಮೆಮೊರಿ ಕಾರ್ಡಿನ ಮೇಲೆ ಸದಾ ಬರೆಯುತ್ತಿದ್ದರೆ ಅದು ಬೇಗ ಸವೆಯುತ್ತದೆ. ಕಡತಗಳಿಗೆ ಬೇರೆ ಎಸ್‌ಎಸ್‌ಡಿ ಜೋಡಿಸಿ. ಕರೆಂಟು ದಿಢೀರನೆ ಹೋದರೆ ಕಡತಗಳು ಕೆಡಬಹುದು. ಒಂದು ಪುಟ್ಟ ಯುಪಿಎಸ್ ಇರಲಿ. ಅಡಾಪ್ಟರ್, ಡಿಸ್ಕ್ ಎಲ್ಲ ಸೇರಿ ಖರ್ಚು ಏರುತ್ತದೆ. ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಇದ್ದರೆ ಕಲಿಯಲು ಅದೇ ಸಾಕು. ಪಾಸ್‌ವರ್ಡ್ ಗಟ್ಟಿಯಾಗಿರಲಿ. ಕಲಿಯುವ ತನಕ ಅದನ್ನು ಮನೆಯ ವೈಫೈ ಒಳಗೇ ಇಡಿ. ಹೊರಲೋಕಕ್ಕೆ ಬಾಗಿಲು ತೆರೆಯಬೇಡಿ.

ಇಷ್ಟೆಲ್ಲ ಏಕೆ ಎಂದು ಕೇಳುತ್ತೀರಿ. ಅಜ್ಜನ ತಾಳಮದ್ದಳೆಯ ಕ್ಯಾಸೆಟ್, ಅಜ್ಜಿಯ ಸೋಬಾನೆ ಪದ, ಸಂಘದ ರಾಜ್ಯೋತ್ಸವದ ಭಾವಚಿತ್ರಗಳು ಈಗ ಎಲ್ಲಿವೆ? ಯಾರದೋ ಕಪಾಟಿನಲ್ಲಿ, ಯಾರದೋ ಫೋನಿನಲ್ಲಿ. ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯುತ್ತದೆ, ಫೋನು ಕಳೆಯುತ್ತದೆ. ಗೂಗಲ್ ಫೋಟೋಸ್ ಕೂಡ ಮಿತಿಯಿಲ್ಲದ ಉಚಿತ ಸಂಗ್ರಹವನ್ನು 2021ರ ಜೂನ್ 1ರಿಂದ ನಿಲ್ಲಿಸಿತು. ಪರರ ಮನೆಯ ಉಗ್ರಾಣದಲ್ಲಿ ಇಟ್ಟದ್ದಕ್ಕೆ ಪರರದೇ ನಿಯಮ.

ನಮಗೆ ಆ ಹಾಡುಗಳು ಗೊತ್ತು, ಈ ಯಂತ್ರದ ವಿದ್ಯೆ ಗೊತ್ತಿಲ್ಲ. ನಿಮಗೆ ವಿದ್ಯೆ ಗೊತ್ತು, ಹಾಡುಗಳು ಇನ್ನೂ ದಕ್ಕಿಲ್ಲ. ಬರುವ ರಜೆಯಲ್ಲಿ ಇಬ್ಬರೂ ಜೊತೆಗೆ ಕೂರೋಣ. ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ, ಪ್ರತಿಯೊಂದಕ್ಕೂ ಹಾಡಿದವರ ಹೆಸರು, ಊರು, ವರ್ಷ ಬರೆದಿಡಿ. ಒಂದು ಪ್ರತಿ ನಿಮ್ಮ ಪುಟ್ಟ ಸರ್ವರಿನಲ್ಲಿ, ಇನ್ನೊಂದು ಪ್ರತಿ ಬೇರೆ ಮನೆಯಲ್ಲಿ ಇರಲಿ. ಹಾಡು ಯಾವುದು, ಹಾಡಿದವರು ಯಾರು ಎಂದು ಹೇಳಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.